ಕಾನೂನು ಬದಲಾಯ್ತು, ರೆಕಾರ್ಡ್ ಯಾರು ಬದಲಾಯಿಸ್ಬೇಕು?

ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್ ಇದ್ದ. ಅವನಿಗೆ ಒಂದೇ ಒಂದು ಬ್ಯಾಕ್‌ಲಾಗ್. ಅಷ್ಟರಲ್ಲಿ ಸ್ಕೀಮ್ ಬದಲಾಯ್ತು, ಆ ಸಬ್ಜೆಕ್ಟನ್ನೇ ಸಿಲಬಸ್‌ನಿಂದ ತೆಗೆದುಬಿಟ್ರು. ನಮ್ಮ ಬ್ಯಾಚ್‌ಗೆ ಅದರ ಹೆಸರೂ ಗೊತ್ತಿಲ್ಲ, ಪಾಠ ಮಾಡೋರೂ ಇಲ್ಲ. ಆದ್ರೆ ಅವನ ಮಾರ್ಕ್ಸ್ ಕಾರ್ಡಲ್ಲಿ ಎಫ್ ಹಾಗೇ ಕೂತಿತ್ತು. "ನೋ ಆಕ್ಟಿವ್ ಬ್ಯಾಕ್‌ಲಾಗ್ಸ್" ಅಂತ ಕಂಪನಿಗಳು ಬರೆದಾಗಲೆಲ್ಲ ಅವನು ರೂಮಲ್ಲೇ ಉಳೀತಿದ್ದ. "ಯಾರಿಗೂ ಬೇಡದ ಸಬ್ಜೆಕ್ಟು, ನಂಗೊಬ್ಬಂಗೆ ಯಾಕೆ ಬೇಕು ಮಗಾ?" ಅಂತ ಕೇಳ್ತಿದ್ದ. ನಮ್ಮ ಹತ್ರ ಉತ್ತರ ಇರ್ಲಿಲ್ಲ.

ಅವನ ಪ್ರಶ್ನೆ ಮತ್ತೆ ನೆನಪಾಗಿದ್ದು ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕ್ತಾ ಇದ್ದಾಗ. ಸರ್ಕಾರಿ ಕೆಲಸಕ್ಕೆ ಬಳಕೆಯಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ನೋಡ್ತಿದ್ದೆ. 'ಕ್ಲಿಯರ್ ಮೈ ರೆಕಾರ್ಡ್' ಅನ್ನೋದು ಕಣ್ಣಿಗೆ ಬಿತ್ತು. ಅಮೆರಿಕದ 'ಕೋಡ್ ಫಾರ್ ಅಮೆರಿಕ' ಅನ್ನೋ ಸಂಸ್ಥೆ ಮಾಡಿದ್ದು. ಅದರ ಕೆಲಸ ಇಷ್ಟೇ: ಹಳೇ ಗಾಂಜಾ ಕೇಸುಗಳ ದಾಖಲೆ ಓದಿ, ಯಾವುದನ್ನ ಅಳಿಸಬಹುದು ಅಂತ ಹೇಳೋದು. ಅದರ ಹಿಂದಿನ ಕಥೆ ಓದ್ತಾ ಹೋದೆ, ಮಿನಿ ಪ್ರಾಜೆಕ್ಟ್ ಅಲ್ಲೇ ನಿಂತ್ಹೋಯ್ತು.

ಮುಂದೆ ಹೋಗೋ ಮುಂಚೆ ಒಂದು ಮಾತು. ಇದು ಗಾಂಜಾ ಸೇದಿ ಅನ್ನೋ ಲೇಖನ ಅಲ್ಲ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಅದು ಅಪರಾಧ, ಬೆಳೆಯುತ್ತಿರೋ ವಯಸ್ಸಿನ ಮೆದುಳಿಗೆ ಒಳ್ಳೇದೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲೂ 21 ತುಂಬಬೇಕು. ಹತ್ತೊಂಬತ್ತರ ನಂಗೆ ಅಲ್ಲೂ ಸಿಗಲ್ಲ. ನಾನು ಹೇಳೋಕೆ ಹೊರಟಿರೋದು ರೆಕಾರ್ಡ್ ಬಗ್ಗೆ.

ಕ್ಯಾಲಿಫೋರ್ನಿಯಾದ ಜನ 2016ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 64 ಅನ್ನೋದಕ್ಕೆ ವೋಟ್ ಹಾಕಿದ್ರು. ವಯಸ್ಕರು ಒಂದು ಔನ್ಸ್, ಅಂದ್ರೆ ಸುಮಾರು 28 ಗ್ರಾಂ ಗಾಂಜಾ ಇಟ್ಟುಕೊಂಡ್ರೆ ತಪ್ಪಲ್ಲ ಅಂತಾಯ್ತು. 2018ರ ಜನವರಿ 1ರಿಂದ ಲೈಸೆನ್ಸ್ ಇರೋ ಅಂಗಡಿಗಳು ಬಾಗಿಲು ತೆಗೆದವು. ಅದೇ ಕಾನೂನಲ್ಲಿ ಇನ್ನೊಂದು ವಿಷಯ ಇತ್ತು. ಹಿಂದೆ ಇದೇ ತಪ್ಪಿಗೆ ಶಿಕ್ಷೆ ಆದವರು ಕೋರ್ಟ್‌ಗೆ ಅರ್ಜಿ ಹಾಕಿ ತಮ್ಮ ದಾಖಲೆಯನ್ನ ಕಡಿಮೆ ಮಾಡಿಸ್ಕೋಬಹುದು ಅಥವಾ ತೆಗೆಸ್ಕೋಬಹುದು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಮೊದಲ ಒಂದು ವರ್ಷದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅರ್ಜಿ ಹಾಕಿದವರು 23 ಜನ. ಅರ್ಹರು ಸಾವಿರಾರು. ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಉಳಿದವರಿಗೆ ಏನಾಗಿತ್ತು? ತುಂಬಾ ಜನಕ್ಕೆ ಇಂಥ ಅವಕಾಶ ಇದೆ ಅಂತಾನೇ ಗೊತ್ತಿರಲ್ಲ. ಗೊತ್ತಿದ್ರೂ ಲಾಯರ್ ಬೇಕು, ಒಂದು ದಿನದ ಕೂಲಿ ಬಿಟ್ಟು ಕೋರ್ಟ್‌ಗೆ ಅಲೀಬೇಕು. ಒಂದ್ಸಲ ಕೋರ್ಟ್ ನೋಡಿ ಬಂದವರಿಗೆ ಇನ್ನೊಂದ್ಸಲ ಹೋಗೋ ಧೈರ್ಯವೂ ಬೇಕು. ನಮ್ಮಲ್ಲಿ ಒಂದು ಇನ್‌ಕಮ್ ಸರ್ಟಿಫಿಕೇಟ್‌ಗೆ ಅಪ್ಪಂದಿರು ಎಷ್ಟು ಸಲ ಓಡಾಡ್ತಾರೆ ಅಂತ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

2018ರ ಜನವರಿ ಕೊನೆಯಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಅಟಾರ್ನಿ ಜಾರ್ಜ್ ಗ್ಯಾಸ್ಕಾನ್ ಒಂದು ಘೋಷಣೆ ಮಾಡಿದ್ರು. ಜನ ಅರ್ಜಿ ಹಾಕೋದೇ ಬೇಡ, ನಮ್ಮ ಆಫೀಸೇ 1975ರಿಂದ ಈಚಿನ ಕೇಸುಗಳನ್ನ ಹುಡುಕಿ ತೆಗೆಯುತ್ತೆ ಅಂತ. ಶುರುವಾದ್ಮೇಲೆ ಗೊತ್ತಾಯ್ತು, ಒಂದೊಂದೇ ಫೈಲ್ ಕೈಯಲ್ಲಿ ಓದೋದು ಆಗಿಹೋಗೋ ಕೆಲಸ ಅಲ್ಲ. ಆಗ ಕೋಡ್ ಫಾರ್ ಅಮೆರಿಕ ಜೊತೆಯಾಯ್ತು. 2019ರ ಫೆಬ್ರವರಿಯಲ್ಲಿ ಒಟ್ಟು 9,362 ಶಿಕ್ಷೆಗಳನ್ನ ತೆಗೆಯೋದಕ್ಕೆ ಗುರುತಿಸಿದ್ದೀವಿ ಅಂತ ಪ್ರಕಟಿಸಿದ್ರು. 23 ಎಲ್ಲಿ, 9,362 ಎಲ್ಲಿ! ಮುಂದಿನ ವರ್ಷ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಇದೇ ರೀತಿ ಸುಮಾರು 66,000 ಶಿಕ್ಷೆಗಳು ಹೋದವು. ಅಷ್ಟರಲ್ಲಿ, 2018ರಲ್ಲೇ, ರಾಜ್ಯವೇ ಎಬಿ 1793 ಅನ್ನೋ ಕಾನೂನು ತಂದು, ಅರ್ಹ ಕೇಸುಗಳನ್ನ ಹುಡುಕೋ ಜವಾಬ್ದಾರಿ ಸರ್ಕಾರದ್ದು ಅಂತ ಬರೆದಿತ್ತು.

ಇದನ್ನ ಓದಿದಾಗ ಭಯಂಕರ ಎಐ ಇರ್ಬೇಕು ಅನ್ಕೊಂಡಿದ್ದೆ. ಇಲ್ಲ ರೀ! ಕೇಸು ಆರೋಗ್ಯ ಸಂಹಿತೆಯ ಸೆಕ್ಷನ್ 11357ರಿಂದ 11360ರ ಒಳಗಿದೆಯಾ? ಅಡ್ಡ ಬರೋ ಬೇರೆ ದೊಡ್ಡ ಅಪರಾಧ ಏನಾದ್ರೂ ಇದೆಯಾ? ಇಲ್ವಾ, ಹಾಗಿದ್ರೆ ಫಾರ್ಮ್ ತುಂಬು. ಮೂಲದಲ್ಲಿ ಇದು ನಾವು ಫಸ್ಟ್ ಸೆಮ್‌ನಲ್ಲಿ ಬರೆದ ಇಫ್-ಎಲ್ಸ್ ಥರದ ಲಾಜಿಕ್ಕೇ. ಒಂದು ಫೈಲ್‌ಗೆ ಹದಿನೈದು ನಿಮಿಷ ಅಂತ ಇಟ್ಕೊಂಡ್ರೂ 9,362 ಫೈಲ್‌ಗೆ 2,340 ಗಂಟೆ ಬೇಕು. ಕಂಪ್ಯೂಟರ್‌ಗೆ ಕೆಲವೇ ನಿಮಿಷ. ಅಂದ್ರೆ ಕಷ್ಟ ಇದ್ದಿದ್ದು ಕೋಡ್‌ನಲ್ಲಿ ಅಲ್ಲ. "ಇದು ನಮ್ಮ ಕೆಲಸ, ಅವರದ್ದಲ್ಲ" ಅಂತ ಒಂದು ಆಫೀಸು ಒಪ್ಪಿಕೊಳ್ಳೋದ್ರಲ್ಲಿ.

ನನ್ನ ರೂಮ್‌ಮೇಟ್ ಇದಕ್ಕೆ ಒಪ್ಪಲಿಲ್ಲ. "ಆವಾಗ ಅದು ತಪ್ಪು ಅಂತ ಅವರಿಗೆ ಗೊತ್ತಿತ್ತು ತಾನೇ? ಗೊತ್ತಿದ್ದೂ ಮಾಡಿದ್ರು, ಅನುಭವಿಸ್ಲಿ" ಅಂದ. ವಾದದಲ್ಲಿ ಹುರುಳಿದೆ. ಎಲ್ಲರನ್ನೂ ಒಂದೇ ಥರ ಹಿಡಿದಿದ್ರೆ ನಾನೂ ಸುಮ್ಮನಿರ್ತಿದ್ದೆನೇನೋ. ಆದ್ರೆ ಹಾಗೆ ಆಗಿಲ್ಲ. ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2020ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ಕಪ್ಪು ಜನ ಮತ್ತು ಬಿಳಿಯರು ಗಾಂಜಾ ಬಳಸೋ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದ್ರೆ ಅದನ್ನ ಇಟ್ಟುಕೊಂಡಿದ್ದಕ್ಕೆ ಅರೆಸ್ಟ್ ಆಗೋ ಸಾಧ್ಯತೆ ಕಪ್ಪು ಜನಕ್ಕೆ 3.6 ಪಟ್ಟು ಜಾಸ್ತಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕೊಲ್ಲಿ ದಾಟಿದ್ರೆ ಸಿಗೋ ಊರು ಓಕ್‌ಲ್ಯಾಂಡ್. ಅಲ್ಲಿ 2015ರ ಗಾಂಜಾ ಅರೆಸ್ಟುಗಳಲ್ಲಿ 77 ಪರ್ಸೆಂಟ್ ಕಪ್ಪು ಜನ, 4 ಪರ್ಸೆಂಟ್ ಬಿಳಿಯರು. ಊರಿನ ಜನಸಂಖ್ಯೆಯಲ್ಲಿ ಇಬ್ಬರೂ ಹತ್ತಿರಹತ್ತಿರ ಸಮ. ಇಡೀ ಕ್ಲಾಸು ಪ್ರಾಕ್ಸಿ ಹಾಕಿ ಲಾಸ್ಟ್ ಬೆಂಚಿನ ಇಬ್ಬರಿಗೆ ಮಾತ್ರ ಅಟೆಂಡೆನ್ಸ್ ಶಾರ್ಟೇಜ್ ಕೊಟ್ಟ ಹಾಗೆ.

ಆ ಶಿಕ್ಷೆ ಜೈಲಿನ ಬಾಗಿಲಲ್ಲಿ ಮುಗಿಯೋದೂ ಇಲ್ಲ. ಕೆಲಸಕ್ಕೆ ಹೋದ್ರೆ ಬ್ಯಾಕ್‌ಗ್ರೌಂಡ್ ಚೆಕ್, ಬಾಡಿಗೆ ಮನೆಗೆ ಹೋದ್ರೆ ಬ್ಯಾಕ್‌ಗ್ರೌಂಡ್ ಚೆಕ್. 1998ರ ತಿದ್ದುಪಡಿಯಿಂದಾಗಿ, ಡ್ರಗ್ ಕೇಸಲ್ಲಿ ಶಿಕ್ಷೆಯಾದ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ಶಿಕ್ಷಣ ಸಹಾಯಧನವನ್ನೇ ಕಳ್ಕೋಬಹುದಿತ್ತು. 2020ರ ಕೊನೆಯಲ್ಲಿ ಬಂದ ಕಾನೂನು ಅದನ್ನ ತೆಗೀತು. ಅಲ್ಲಿವರೆಗೆ ಎರಡು ದಶಕ ಕಳೆದಿತ್ತು.

ಇನ್ನು ವ್ಯಾಪಾರದ ವಿಷಯ. ಗಾಂಜಾ ಕಾನೂನುಬದ್ಧ ಆದ ತಕ್ಷಣ ಅದು ದೊಡ್ಡ ಬಿಸಿನೆಸ್ಸು. ನಿನ್ನೆ ಯಾರು ಇದಕ್ಕೇ ಜೈಲಿಗೆ ಹೋಗಿದ್ರೋ ಅವರು ಹೊರಗೆ ನಿಂತು ನೋಡೋದು, ದುಡ್ಡಿದ್ದವರು ಅಂಗಡಿ ಹಾಕೋದು ಅಂದ್ರೆ ಅದೆಂಥ ನ್ಯಾಯ? ಅದಕ್ಕೆ ಓಕ್‌ಲ್ಯಾಂಡ್ 2017ರಲ್ಲಿ ಒಂದು ಯೋಜನೆ ತಂತು. ಮೊದಲ ಹಂತದ ಪರ್ಮಿಟ್‌ಗಳಲ್ಲಿ ಅರ್ಧ ಮೀಸಲು. ಆ ಊರಿನವರಾಗಿರ್ಬೇಕು, ಆದಾಯ ಕಡಿಮೆ ಇರ್ಬೇಕು. ಜೊತೆಗೆ ಗಾಂಜಾ ಕೇಸಲ್ಲಿ ಶಿಕ್ಷೆ ಆಗಿರ್ಬೇಕು, ಇಲ್ಲವೇ ಪೊಲೀಸರ ಕಾಟ ಜಾಸ್ತಿ ಇದ್ದ ಏರಿಯಾಗಳಲ್ಲಿ ಕಳೆದ 20 ವರ್ಷದಲ್ಲಿ 10 ವರ್ಷ ಬಾಳಿರ್ಬೇಕು. ಉಳಿದವರು ಇಂಥವರಿಗೆ ಮೂರು ವರ್ಷ ಬಾಡಿಗೆ ಇಲ್ಲದೆ 1,000 ಚದರ ಅಡಿ ಜಾಗ ಕೊಟ್ರೆ ಅವರ ಅರ್ಜಿಗೂ ಆದ್ಯತೆ. ಮೀಸಲಾತಿ ಚರ್ಚೆ ಕೇಳಿಕೊಂಡೇ ಬೆಳೆದ ನಮಗೆ ಈ ತರ್ಕ ಹೊಸದಲ್ಲ.

ಆದ್ರೆ ಪರ್ಮಿಟ್ ಸಿಕ್ಕಿದ್ರೆ ಅಂಗಡಿ ಆಗಲ್ಲ. ಫೆಡರಲ್ ಕಾನೂನಿನ ಭಯಕ್ಕೆ ಹೆಚ್ಚಿನ ಬ್ಯಾಂಕುಗಳು ಈ ವ್ಯಾಪಾರಕ್ಕೆ ಸಾಲ ಕೊಡಲ್ಲ. ಹಾಗಾಗಿ ಕೆಲವು ಕಡೆ ಹೆಸರು ಬಡವರದ್ದು, ಹಿಡಿತ ಹೂಡಿಕೆದಾರರದ್ದು ಅನ್ನೋ ಹಾಗಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬೇನಾಮಿ. ಇದನ್ನ ನೋಡಿ "ಯೋಜನೆಯೇ ವೇಸ್ಟು" ಅನ್ನೋರಿದ್ದಾರೆ. ನಂಗೆ ಹಾಗನ್ಸಲ್ಲ. ಬಾಗಿಲು ತೆಗೆದವರು ಮೆಟ್ಟಿಲನ್ನೂ ಕಟ್ಟಿಕೊಡ್ಬೇಕಿತ್ತು. ಆಮೇಲೆ ನಗರ ಮತ್ತು ರಾಜ್ಯ ಸಾಲ, ಅನುದಾನ ಕೊಡೋಕೆ ಶುರು ಮಾಡಿದ್ದೂ ಅದಕ್ಕೇ.

ರೆಕಾರ್ಡ್ ಅಳಿಸೋದ್ರಲ್ಲೂ ಬಗ್ ಇದೆ. ಕೋರ್ಟಿನ ದಾಖಲೆ ಅಳಿಸಿದ್ರೂ, ಖಾಸಗಿ ಬ್ಯಾಕ್‌ಗ್ರೌಂಡ್ ಚೆಕ್ ಕಂಪನಿಗಳ ಹತ್ರ ಹಳೇ ಕಾಪಿ ಉಳಿದಿರಬಹುದು. ಡೇಟಾಬೇಸ್‌ನಲ್ಲಿ ಅಪ್‌ಡೇಟ್ ಮಾಡಿ ಕ್ಯಾಶೆ ಕ್ಲಿಯರ್ ಮಾಡದೆ ಬಿಟ್ರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ.

ಇನ್ನೊಂದು ಬಗ್ ನೇರವಾಗಿ ನಮ್ಮವರಿಗೆ ಸಂಬಂಧಪಟ್ಟಿದ್ದು. ನಮ್ಮ ಕ್ಯಾಂಪಸ್ಸಿಂದ ಎಂಎಸ್ ಮಾಡೋಕೆ ಎಷ್ಟೊಂದು ಜನ ಅಲ್ಲಿಗೇ ಹೋಗ್ತಾರೆ. ಅಂಗಡೀಲೇ ಮಾರ್ತಾರೆ, ಏನೂ ಆಗಲ್ಲ ಅನ್ಕೋಬೇಡಿ. ಫೆಡರಲ್ ಕಾನೂನಲ್ಲಿ ಗಾಂಜಾ ಇನ್ನೂ ನಿಯಂತ್ರಿತ ಪದಾರ್ಥ, ವೀಸಾ ಕೊಡೋದು ಫೆಡರಲ್ ಸರ್ಕಾರ. ರಾಜ್ಯ ಅಳಿಸಿದ ಶಿಕ್ಷೆಯನ್ನೂ ವಲಸೆ ಇಲಾಖೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತೆ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ರೂ ಗಾಂಜಾ ಸಹವಾಸ ಪೌರತ್ವಕ್ಕೆ ಅಡ್ಡಿ ಆಗಬಹುದು ಅಂತ 2019ರ ಏಪ್ರಿಲ್‌ನಲ್ಲಿ ಆ ಇಲಾಖೆ ಸ್ಪಷ್ಟ ಮಾಡಿದೆ. ಒಂದೇ ಊರು, ಒಂದೇ ಅಂಗಡಿ, ಒಬ್ಬನಿಗೆ ಬರೀ ಬಿಲ್ಲು, ಇನ್ನೊಬ್ಬನಿಗೆ ವಿಮಾನದ ಟಿಕೆಟ್ಟು. ಸೀನಿಯರ್‌ಗಳು ಜಿಆರ್‌ಇ ಟಿಪ್ಸ್ ಜೊತೆ ಇದನ್ನೂ ಹೇಳಿ ಕಳಿಸಿದ್ರೆ ಒಳ್ಳೇದು.

ಹಾಗಾದ್ರೆ ನಮ್ಮಲ್ಲಿ? ಗಾಂಜಾ ಕಾನೂನು ಬದಲಾಗ್ಬೇಕಾ ಬೇಡ್ವಾ ಅನ್ನೋದು ಬೇರೆ ಚರ್ಚೆ, ಆ ವಿಷಯದಲ್ಲಿ ನಾನಿನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಆದ್ರೆ ರೆಕಾರ್ಡ್ ಬಗ್ಗೆ ನಮ್ಮ ಕಾನೂನು ಒಂದು ಕಡೆ ತುಂಬಾ ಸರಿಯಾಗಿ ಯೋಚನೆ ಮಾಡಿದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24ರ ಪ್ರಕಾರ, ಹದಿನೆಂಟರ ಒಳಗಿನವರ ತಪ್ಪಿನ ದಾಖಲೆ ಅವರ ಭವಿಷ್ಯಕ್ಕೆ ಅಡ್ಡಿ ಆಗಬಾರದು, ನಿಗದಿತ ಸಮಯ ಆದ್ಮೇಲೆ ಅದನ್ನ ನಾಶ ಮಾಡ್ಬೇಕು. ಕೆಲವು ಘೋರ ಅಪರಾಧಗಳಿಗೆ ಮಾತ್ರ ವಿನಾಯಿತಿ ಇಲ್ಲ. ಆ ಮಗು ಬಂದು ಅರ್ಜಿ ಹಾಕ್ಲಿ ಅಂತ ಕಾಯೋ ಹಾಗಿಲ್ಲ, ಆದೇಶ ಮಾಡೋದು ಮಂಡಳಿ. ಹದಿನೇಳೂವರೆಗೆ ಸಿಗೋ ಈ ದಯೆ ಹದಿನೆಂಟೂವರೆಗೆ ಸಿಗಲ್ಲ. ಹದಿನೆಂಟು ದಾಟಿದ ನಮ್ಮ ಕ್ಲಾಸಿನವರು ಅಷ್ಟರಲ್ಲಿ ಬುದ್ಧಿವಂತರಾಗಿಬಿಟ್ಟಿದ್ದೀವಿ ಅಂತ ನಿಮಗೆ ಅನ್ಸತ್ತಾ?

ನಾವು ಇನ್ನು ಎರಡು ವರ್ಷದಲ್ಲಿ ಇಂಥದ್ದೇ ಸಿಸ್ಟಮ್‌ಗಳನ್ನ ಕಟ್ಟೋ ಕೆಲಸಕ್ಕೆ ಹೋಗ್ತೀವಿ. ಪೊಲೀಸ್ ವೆರಿಫಿಕೇಷನ್ ಪೋರ್ಟಲ್ಲೋ, ಎಚ್ಆರ್ ಸಾಫ್ಟ್‌ವೇರೋ, ಕಾಲೇಜಿನ ರಿಸಲ್ಟ್ ಡೇಟಾಬೇಸೋ. ರೆಕಾರ್ಡ್ ಹೇಗೆ ಸೇರಿಸೋದು ಅಂತ ರಿಕ್ವೈರ್‌ಮೆಂಟ್ಸ್‌ನಲ್ಲಿ ಬರೆದೇ ಇರ್ತಾರೆ. ಯಾವಾಗ ತೆಗೆಯೋದು, ಯಾರು ತೆಗೆಯೋದು ಅಂತ ಯಾರೂ ಬರೆದಿಲ್ಲದಿದ್ರೆ ಆ ಮೀಟಿಂಗಲ್ಲಿ ನಾವು ಕೇಳೋಣ. 23 ಜನ ಮಾತ್ರ ಬಂದ್ರು ಅಂದ್ರೆ ಉಳಿದವರಿಗೆ ಬೇಕಿರಲಿಲ್ಲ ಅಂತ ಅರ್ಥ ಅಲ್ಲ.

ಆ ಸೀನಿಯರ್ ಆರನೇ ಪ್ರಯತ್ನದಲ್ಲಿ ಪಾಸಾದ. ಈಗ ಊರಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡ್ಕೋತಿದ್ದಾನೆ. ಆ ಸಬ್ಜೆಕ್ಟು ಮತ್ತೆ ಸಿಲಬಸ್‌ಗೆ ಬಂದಿಲ್ಲ.