ಬುಲ್‌ಬುಲ್ ಹಾರುವ ದಿನ

ಹತ್ತು ತುಂಬಿದ ಮಗಳು ಮನೆಯವರ ಕಣ್ಣಿಗೆ ಒಮ್ಮೆಲೇ ದೊಡ್ಡವಳಾಗಿ ಕಾಣುತ್ತಾಳೆ. ಅದೇ ವಯಸ್ಸಿಗೆ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು ಆಕೆಯನ್ನು ಬುಲ್‌ಬುಲ್ ಬಳಗದಿಂದ ಗೈಡ್ ದಳಕ್ಕೆ ಏರಿಸುತ್ತದೆ. ಬುಲ್‌ಬುಲ್ ಎಂದರೆ ನಮ್ಮ ಬೇಲಿಗಳ ಪಿಕಳಾರ ಹಕ್ಕಿ. ಆದುದರಿಂದಲೇ ಈ ಸಮಾರಂಭವನ್ನು ಹಾರುವಿಕೆಯೆಂದು ಕರೆಯುತ್ತಾರೆ.

ಸಮಾರಂಭ ಸರಳವಾದುದು. ಪುಟ್ಟ ಗೆಳತಿಯರು ವೃತ್ತಾಕಾರವಾಗಿ ನಿಲ್ಲುತ್ತಾರೆ. ಬಾಲಕಿಯು ಅವರನ್ನು ಬೀಳ್ಕೊಂಡು, ತನ್ನ ನಾಯಕಿಯೊಡನೆ ನಡೆದು, ಎದುರಿಗೆ ನಿಂತ ಗೈಡ್ ದಳವನ್ನು ಸೇರುತ್ತಾಳೆ. ಗೈಡ್ ಕ್ಯಾಪ್ಟನ್ ಆಕೆಯನ್ನು ಬರಮಾಡಿಕೊಂಡು ಒಂದು ತಂಡಕ್ಕೆ ಒಪ್ಪಿಸುತ್ತಾರೆ. ನಡಿಗೆ ಕೆಲವೇ ಹೆಜ್ಜೆಗಳದು. ಆದರೆ ಬುಲ್‌ಬುಲ್‌ಗೆ ಇದ್ದ ನಿಯಮಗಳು ಎರಡು, ಗೈಡ್‌ಗೆ ಒಂಬತ್ತು. ‘ಕೈಲಾದಷ್ಟು ಮಾಡು’ ಎಂಬ ಧ್ಯೇಯದ ಸ್ಥಾನದಲ್ಲಿ ಇನ್ನು ‘ಸಿದ್ಧಳಾಗಿರು’ ಎಂಬುದು. ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ಡೇರೆ ಹೂಡುವಿಕೆ, ಬಯಲಿನ ಅಡುಗೆ, ಇವೆಲ್ಲ ಮುಂದಿನ ಪಾಠಗಳು.

ವಿಷಾದದ ಸಂಗತಿಯೆಂದರೆ, ಅಂದು ಚಪ್ಪಾಳೆ ತಟ್ಟಿದ ನಾವೇ ಶಿಬಿರದ ಒಪ್ಪಿಗೆಪತ್ರ ಮನೆಗೆ ಬಂದಾಗ ‘ಹುಡುಗಿ ದೊಡ್ಡವಳಾದಳು, ಬೇಡ’ ಎಂದುಬಿಡುತ್ತೇವೆ. ಬೆಳೆದಳೆಂದು ಅಲ್ಲಿ ಮುಂದಕ್ಕೆ ಕಳುಹಿಸುತ್ತಾರೆ. ಬೆಳೆದಳೆಂದೇ ನಾವು ಹಿಂದಕ್ಕೆ ಕರೆಯುತ್ತೇವೆ. ಸಹಿ ಬೀಳದ ಆ ಕಾಗದವನ್ನು ಮರಳಿ ಶಾಲೆಗೆ ಒಯ್ಯುವ ಮಗುವಿನ ಮುಖವನ್ನು ನಾವು ನೋಡುವುದಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ತಾಯಿತಂದೆಯರಲ್ಲಿ ನಮ್ಮ ಬಿನ್ನಹವಿಷ್ಟೇ: ಶಿಬಿರ ಎಲ್ಲಿ, ಜೊತೆಗಿರುವ ಶಿಕ್ಷಕಿ ಯಾರು, ರಾತ್ರಿಯ ವಸತಿ ಹೇಗೆ ಎಂದು ನಿಸ್ಸಂಕೋಚವಾಗಿ ವಿಚಾರಿಸಿರಿ. ವಿಚಾರಿಸುವುದು ಪಾಲಕರ ಕರ್ತವ್ಯ. ಸಮಾಧಾನಕರ ಉತ್ತರ ದೊರೆತ ಮೇಲೆ ಸಹಿ ಹಾಕುವುದೂ ಅಷ್ಟೇ ದೊಡ್ಡ ಕರ್ತವ್ಯ. ಗೂಡು ಬಿಟ್ಟ ಹಕ್ಕಿ ಸಂಜೆಗೆ ಗೂಡನ್ನು ಮರೆಯುವುದಿಲ್ಲ.