ಕಸಿ ಮಾಡಿದ ವಸಡು ಮತ್ತು ಬೀಡಿಯ ಹೊಗೆ

ವಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣತೊಡಗಿದಾಗ ದಂತವೈದ್ಯರು ಕೈಗೊಳ್ಳುವ ಚಿಕಿತ್ಸೆಗಳಲ್ಲಿ ವಸಡಿನ ಕಸಿ ಶಸ್ತ್ರಚಿಕಿತ್ಸೆಯೂ ಒಂದು. ರೋಗಿಯ ಅಂಗುಳಿನಿಂದಲೇ ತೆಳುವಾದ ಅಂಗಾಂಶವನ್ನು ತೆಗೆದು, ತೆರೆದ ಬೇರಿನ ಮೇಲಿಟ್ಟು ಹೊಲಿಯುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದವರು ಇಂತಹ ಚಿಕಿತ್ಸೆಗಾಗಿ ದಂತ ಮಹಾವಿದ್ಯಾಲಯಗಳಿರುವ ಬಳ್ಳಾರಿ, ರಾಯಚೂರು, ಬಾಗಲಕೋಟೆ, ಧಾರವಾಡಗಳಿಗೆ ಹೋಗುವುದುಂಟು. ಇಷ್ಟು ಹಣ ವ್ಯಯಿಸಿ, ನೋವು ಸಹಿಸಿ ಮರಳಿದವರು ಊರಿನಲ್ಲಿ ಬಸ್ಸಿಳಿದು ಬೀಡಿ ಹಚ್ಚಿದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಇದರ ಕಾರಣವನ್ನು ನಮ್ಮ ರೈತಬಾಂಧವರು ಬೇಗನೆ ಗ್ರಹಿಸಬಲ್ಲರು. ಮಡಿಯಿಂದ ಕಿತ್ತು ನಾಟಿ ಮಾಡಿದ ಭತ್ತದ ಸಸಿ ಬೇರೂರುವವರೆಗೆ ಕಾಲುವೆಯ ನೀರು ತಪ್ಪಬಾರದು. ಕಸಿಯ ಅಂಗಾಂಶದ ಸ್ಥಿತಿಯೂ ಅಂತಹುದೇ. ಅದಕ್ಕೆ ಆರಂಭದಲ್ಲಿ ರಕ್ತನಾಳಗಳ ಸಂಪರ್ಕವೇ ಇರುವುದಿಲ್ಲ. ಮೊದಲ ಎರಡು ಮೂರು ದಿನ ಕೆಳಗಿನ ಗಾಯದಿಂದ ಒಸರುವ ದ್ರವದಿಂದಲೇ ಅದು ಜೀವ ಹಿಡಿದಿರುತ್ತದೆ. ಅನಂತರ ಸೂಕ್ಷ್ಮ ನಾಳಗಳು ಅದರೊಳಗೆ ಬೆಳೆಯುತ್ತವೆ. ತಂಬಾಕಿನ ನಿಕೋಟಿನ್ ಈ ನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸುತ್ತದೆ. ಪರಿಣಾಮವಾಗಿ ಕಸಿ ಸರಿಯಾಗಿ ಹತ್ತುವುದಿಲ್ಲ, ಬೇರು ಪೂರ್ಣ ಮುಚ್ಚುವುದಿಲ್ಲ, ಅಂಗುಳಿನ ಗಾಯವೂ ನಿಧಾನವಾಗಿ ಮಾಯುತ್ತದೆ.

ಇನ್ನೊಂದು ವಂಚನೆಯನ್ನೂ ಅರಿಯಬೇಕು. ಧೂಮಪಾನಿಗಳ ವಸಡಿನಲ್ಲಿ ರಕ್ತಸ್ರಾವ ಕಡಿಮೆ. ರಕ್ತ ಬರುತ್ತಿಲ್ಲವೆಂದು ಅವರು ನಿಶ್ಚಿಂತರಾಗಿರುತ್ತಾರೆ. ರೋಗ ಒಳಗೊಳಗೇ ಬೆಳೆಯುತ್ತದೆ.

'ಆಯುರ್ವೇದದಲ್ಲಿಯೂ ಧೂಮಪಾನ ಹೇಳಿದೆಯಲ್ಲವೇ?' ಎಂದು ವಾದಿಸುವವರಿದ್ದಾರೆ. ಸಂಹಿತೆಗಳು ಹೇಳುವ ಧೂಮಪಾನವು ಏಲಕ್ಕಿ, ಗುಗ್ಗುಳು ಮೊದಲಾದ ದ್ರವ್ಯಗಳ ಬತ್ತಿಯಿಂದ ನಿಯತ ಕಾಲದಲ್ಲಿ ಮಾಡಿಸುವ ಚಿಕಿತ್ಸೆ. ಅಮೆರಿಕ ಖಂಡದ ತಂಬಾಕು ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದದ್ದು ಅದೆಷ್ಟೋ ಶತಮಾನಗಳ ಅನಂತರ. 65 ಮುಖರೋಗಗಳನ್ನು ಎಣಿಸಿ, ಅವುಗಳಲ್ಲಿ 15ನ್ನು ದಂತಮೂಲದವೆಂದೇ ಗುರುತಿಸಿದ ಸುಶ್ರುತಾಚಾರ್ಯರ ಹೆಸರನ್ನು ಬೀಡಿಯ ಸಮರ್ಥನೆಗೆ ಬಳಸುವುದು ಸಲ್ಲದು.

ಬೀಡಿಯ ಬದಲಿಗೆ ಕಡ್ಡಿಪುಡಿ, ಗುಟ್ಕಾ ಹಾಕಿಕೊಳ್ಳುವುದೂ ಪರಿಹಾರವಲ್ಲ. ಅವು ನಿಕೋಟಿನ್ನನ್ನು ನೇರವಾಗಿ ಗಾಯದ ಪಕ್ಕದಲ್ಲಿಯೇ ಇರಿಸುತ್ತವೆ. ಎಣ್ಣೆಯ ಗಂಡೂಷ ಒಳ್ಳೆಯದಾದರೂ ಕಸಿಯ ಆರಂಭದ ದಿನಗಳಲ್ಲಿ ಬಾಯಿ ಜೋರಾಗಿ ಮುಕ್ಕಳಿಸಬಾರದು. ದಂತವೈದ್ಯರ ಅನುಮತಿಯ ಬಳಿಕವೇ ಅದನ್ನು ಆರಂಭಿಸಬೇಕು. ಧೂಮಪಾನ ಮುಂದುವರಿಸಿದವರನ್ನು ಯಾವ ಕಷಾಯವೂ, ಯಾವ ತೈಲವೂ ಕಾಯಲಾರದು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಬೀಡಿ ಬಿಡುವ ದಿನವನ್ನು ಮೊದಲು ನಿಶ್ಚಯಿಸಿ, ಶಸ್ತ್ರಚಿಕಿತ್ಸೆಯ ದಿನವನ್ನು ಅನಂತರ ಗೊತ್ತುಪಡಿಸಬೇಕು. ಚಿಕಿತ್ಸೆಗೆ ಕೆಲವು ವಾರ ಮೊದಲೇ ನಿಲ್ಲಿಸಿ, ಗಾಯ ಪೂರ್ಣ ಮಾಯುವವರೆಗೆ ಮುಟ್ಟದಿರುವುದು ಕನಿಷ್ಠ ನಿಯಮ. ಶಾಶ್ವತವಾಗಿ ತ್ಯಜಿಸುವುದು ಉತ್ತಮ. ಹಿರಿಯರೆದುರು ಸಂಕೋಚವೆಂದು ದಂತವೈದ್ಯರಲ್ಲಿ ಚಟವನ್ನು ಮುಚ್ಚಿಡಬೇಡಿ. ಬಿಡಲು ನೆರವು ಬೇಕಾದವರು 1800-11-2356 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ತಂಬಾಕಿನ ಪೊಟ್ಟಣದ ಮೇಲೆಯೇ ಈ ಸಂಖ್ಯೆ ಇರುತ್ತದೆ. ಮನೆಯವರು ನಿಂದಿಸದೆ ಜೊತೆ ನಿಲ್ಲಲಿ. ವೈದ್ಯರು ನಾಟಿ ಮಾಡಿಕೊಡಬಲ್ಲರು; ನೀರು ತಪ್ಪದಂತೆ ಕಾಯಬೇಕಾದವರು ನಾವೇ.