ಕಡತದ ಪಾಠಶುದ್ಧಿ: ಡಿಜಿಟಲ್ ಹಸ್ತಪ್ರತಿಗಳ ಸಂರಕ್ಷಣೆಯನ್ನು ಕುರಿತು

ಹಸ್ತಪ್ರತಿಗಳ ಚಿತ್ರ ತೆಗೆದು ಗಣಕಕ್ಕೆ ಸೇರಿಸಿದರೆ ಸಂರಕ್ಷಣೆಯ ಕಾರ್ಯ ಮುಗಿಯಿತೆಂಬ ಭಾವನೆ ವಿದ್ವತ್ ವಲಯದಲ್ಲಿ ಬಲವಾಗಿದೆ. ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಡಿಜಿಟಲೀಕರಣಕ್ಕೆ ದೊರೆತ ಪ್ರೋತ್ಸಾಹ ಸ್ವಾಗತಾರ್ಹವೇ ಸರಿ. ಆದರೆ ಗಣಕಕ್ಕೆ ಸೇರಿದ ಪ್ರತಿ ಸೇರಿದಂತೆಯೇ ಉಳಿಯುವುದೇ ಎಂಬ ಪ್ರಶ್ನೆ ಗ್ರಂಥಸಂಪಾದನೆಯ ಚರ್ಚೆಗಳಲ್ಲಿ ಇನ್ನೂ ಸಾಕಷ್ಟು ಸ್ಥಾನ ಪಡೆದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸೀಮೆಯನ್ನೇ ನೋಡಬಹುದು. ಟಿಪ್ಪು ಸುಲ್ತಾನನು ಶೃಂಗೇರಿಯ ಗುರುಗಳಿಗೆ ಬರೆಯಿಸಿದ ಕನ್ನಡ ಪತ್ರಗಳು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರ ಶೋಧದಿಂದ ಬೆಳಕಿಗೆ ಬಂದುದು ಮಠದಲ್ಲಿ ಅವು ಉಳಿದಿದ್ದುದರಿಂದ. ಶೆಟ್ಟಿಕೊಪ್ಪದಂತಹ ಊರಿನ ಮನೆಯ ಅಟ್ಟದಲ್ಲಿರುವ ಓಲೆಕಟ್ಟಿಗೆ ಆ ಭಾಗ್ಯವಿಲ್ಲ. ಮಳೆಗಾಲದ ತೇವ, ಗೆದ್ದಲು, ಹುಳು ಇವುಗಳ ನಡುವೆ ಮೂಲಪ್ರತಿ ನಶಿಸಿದರೆ ಕ್ಷೇತ್ರಕಾರ್ಯದಲ್ಲಿ ತೆಗೆದ ಚಿತ್ರವೇ ಏಕೈಕ ಆಕರವಾಗುತ್ತದೆ.

ಆ ಆಕರವೂ ಕ್ಷಯಿಸುತ್ತದೆ. ಡಿಸ್ಕಿನಲ್ಲಿ ಬರೆದ ಅಂಕೆಗಳು ಕಾಲಾನಂತರ ಅಲ್ಲಲ್ಲಿ ಪಲ್ಲಟಗೊಳ್ಳಬಹುದು. ಬಳಕೆಯಲ್ಲಿರುವ ಹಲವು ಕಡತವ್ಯವಸ್ಥೆಗಳು ಕಡತದ ಒಳಗಿನ ದತ್ತಾಂಶವನ್ನು ಪರೀಕ್ಷಿಸದೆ, ಕೆಟ್ಟುದನ್ನೇ ಸರಿಯೆಂದು ಒಪ್ಪಿಸುತ್ತವೆ. ಇದು ಗಣಕದ ಲಿಪಿಕಾರದೋಷ; ಲಿಪಿಕಾರನ ತಪ್ಪಿಗಾದರೂ ಅರ್ಥದ, ಛಂದಸ್ಸಿನ ಸುಳಿವಿರುತ್ತದೆ, ಇದಕ್ಕೆ ಅದೂ ಇಲ್ಲದಿರಬಹುದು.

ಈ ಸಮಸ್ಯೆಗೆ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ರೂಪಿಸಿದ ಉತ್ತರ ಜೆಡ್‌ಎಫ್‌ಎಸ್. ಇದರ ಆಕರಸಂಕೇತವನ್ನು ೨೦೦೫ರಲ್ಲಿ ಮುಕ್ತಗೊಳಿಸಲಾಯಿತು. ೨೦೧೦ರಲ್ಲಿ ಸನ್ ಸಂಸ್ಥೆ ಒರಾಕಲ್‌ನ ವಶವಾದರೂ ಮುಕ್ತ ಶಾಖೆ ನಿಲ್ಲಲಿಲ್ಲ. ೨೦೧೩ರಿಂದ ಅದು ಓಪನ್‌ಜೆಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ. ಇದು ದತ್ತಾಂಶದ ಪ್ರತಿಯೊಂದು ತುಣುಕಿಗೂ ಒಂದು ಪರೀಕ್ಷಾಮೊತ್ತವನ್ನು ಗಣಿಸಿ ಬೇರೆಡೆ ದಾಖಲಿಸುತ್ತದೆ. ಓದುವಾಗ ಮತ್ತೆ ಗಣಿಸಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಜೋಡಿ ಡಿಸ್ಕಿನ ಶುದ್ಧಪ್ರತಿಯಿಂದ ದೋಷವನ್ನು ತಿದ್ದುತ್ತದೆ.

ಈ ತತ್ತ್ವ ನಮ್ಮ ಪರಂಪರೆಗೆ ಅಪರಿಚಿತವಲ್ಲ. ಹಸ್ತಪ್ರತಿಗಳ ಕೊನೆಯಲ್ಲಿ ಪದ್ಯಗಳ ಮೊತ್ತವನ್ನೋ, ೩೨ ಅಕ್ಷರಗಳ ಅಳತೆಯ ಗ್ರಂಥಸಂಖ್ಯೆಯನ್ನೋ ನಮೂದಿಸುವ ರೂಢಿಯಿತ್ತು. ಮುಂದಿನ ಓದುಗನು ಎಣಿಸಿ ಲೋಪವನ್ನು ಕಂಡುಕೊಳ್ಳಬಹುದಿತ್ತು. ಎರಡು ಪ್ರತಿಗಳು ಭಿನ್ನಪಾಠ ಕೊಟ್ಟಾಗ ಯಾವುದು ಶುದ್ಧವೆಂದು ಎರಡೇ ಪ್ರತಿಗಳಿಂದ ನಿರ್ಣಯಿಸುವುದು ಕಷ್ಟವೆಂಬುದು ಸಂಪಾದಕರ ಅನುಭವ. ಪರೀಕ್ಷಾಮೊತ್ತವು ಇಲ್ಲಿ ಮೂರನೆಯ ಸಾಕ್ಷಿ.

ಇನ್ನೊಂದು ಸಾದೃಶ್ಯವೂ ಉಂಟು. ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಹಳೆಯದನ್ನು ಒರಸಿ ಅಲ್ಲಿಯೇ ಹೊಸದನ್ನು ಬಳಪದಿಂದ ಬರೆಯಬಹುದು. ಓಲೆಯಲ್ಲಿ ಕೊರೆದುದನ್ನು ಒರಸಲಾಗದು. ಬದಲಾಯಿಸಬೇಕಾದರೆ ಹೊಸ ಗರಿಯನ್ನೇ ಸೇರಿಸಬೇಕು. ಜೆಡ್‌ಎಫ್‌ಎಸ್ ಓಲೆಯ ಕ್ರಮವನ್ನು ಅನುಸರಿಸುತ್ತದೆ: ಹಳೆಯ ತುಣುಕಿನ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು, ಬಳಿಕ ಸೂಚಿಯನ್ನು ಬದಲಿಸುತ್ತದೆ. ಬರೆಯುವ ನಡುವೆ ವಿದ್ಯುತ್ ಹೋದರೂ ಹಿಂದಿನ ಸ್ಥಿತಿ ಕೆಡುವುದಿಲ್ಲ. ಮಲೆನಾಡಿಗೆ ಇದು ಸಣ್ಣ ಅನುಕೂಲವಲ್ಲ.

ಮಿತಿಗಳನ್ನೂ ಮರೆಯುವಂತಿಲ್ಲ. ಒಂದೇ ಡಿಸ್ಕಿನಲ್ಲಿ ಒಂದೇ ಪ್ರತಿಯಿದ್ದರೆ ಈ ವ್ಯವಸ್ಥೆ ದೋಷವನ್ನು ತೋರಿಸೀತೇ ಹೊರತು ತಿದ್ದಲಾರದು. ಬೆಂಕಿ, ಕಳವುಗಳಿಂದ ಅದು ಕಾಪಾಡದು. ಪರವಾನಗಿಯ ತೊಡಕಿನಿಂದ ಲಿನಕ್ಸ್‌ನ ಮೂಲಭಾಗಕ್ಕೆ ಅದು ಸೇರಿಲ್ಲ. ಪ್ರತ್ಯೇಕವಾಗಿ ಅಳವಡಿಸಬೇಕು, ಆದರೆ ೨೦೧೬ರಿಂದ ಉಬುಂಟು ಅದನ್ನು ಜೊತೆಗೇ ನೀಡುತ್ತಿದೆ. ಅಂಕೆಗಳು ಶುದ್ಧವಾಗಿ ಉಳಿದ ಮಾತ್ರಕ್ಕೆ ಪಠ್ಯ ಓದಲು ದೊರೆಯುತ್ತದೆಂದೂ ಅಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯಗಳು, ಆ ವಿನ್ಯಾಸಗಳಿಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳಾಗುವುದು ಎಲ್ಲರಿಗೂ ತಿಳಿದುದೇ.

ಆದ್ದರಿಂದ ಕನ್ನಡ ವಿಭಾಗಗಳ ಹಸ್ತಪ್ರತಿ ಯೋಜನೆಗಳಲ್ಲಿ ನಾಲ್ಕು ನಿಯಮಗಳಿರಬೇಕು. ಪರೀಕ್ಷಾಮೊತ್ತವುಳ್ಳ ಮುಕ್ತ ಕಡತವ್ಯವಸ್ಥೆಯಲ್ಲಿ ಕನಿಷ್ಠ ಜೋಡಿ ಡಿಸ್ಕುಗಳಲ್ಲಿ ಸಂಗ್ರಹಿಸಬೇಕು. ಮತ್ತೊಂದು ಪ್ರತಿ ಬೇರೆ ಊರಿನಲ್ಲಿರಬೇಕು. ಇಡೀ ಸಂಗ್ರಹವನ್ನು ನಿಯತಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ದಾಖಲೆಪುಸ್ತಕದಲ್ಲಿ ಬರೆಯಬೇಕು. ಲಿಪ್ಯಂತರಗಳು ಯೂನಿಕೋಡಿನಲ್ಲಿರಬೇಕು. ತಂತ್ರಾಂಶಕ್ಕೆ ಬೆಲೆಯಿಲ್ಲ, ಡಿಸ್ಕುಗಳಿಗೂ ಹೊಣೆ ಹೊರುವ ಒಬ್ಬ ವ್ಯಕ್ತಿಗೂ ಮಾತ್ರ ಹಣ ಬೇಕು. ಯೋಜನೆಯ ಅವಧಿ ಮುಗಿದೊಡನೆ ಆ ಹೊಣೆ ಯಾರದೂ ಅಲ್ಲವಾಗುವುದೇ ನಿಜವಾದ ಅಪಾಯ. ಇದನ್ನು ಗಣಕವಿಭಾಗದ ಕೆಲಸವೆಂದು ಬಿಡುವುದು ಉಚಿತವಲ್ಲ. ಪಾಠದ ಶುದ್ಧಿಯನ್ನು ಕಾಯುವುದು ಗ್ರಂಥಸಂಪಾದಕನ ಧರ್ಮ. ಅದು ಓಲೆಗೆ ಎಷ್ಟು ಅನ್ವಯಿಸುತ್ತದೆಯೋ ಡಿಸ್ಕಿಗೂ ಅಷ್ಟೇ ಅನ್ವಯಿಸುತ್ತದೆ.